ಚಳಿಜ್ವರದಿಂದ ಸಿಕಲ್‌ಸೆಲ್‌ವರೆಗೆ: ಕೊಡಗಿನಲ್ಲಿ ಆರೋಗ್ಯ ವಿಜ್ಞಾನ ನಡೆದ ಹಾದಿ

ಕೊಡಗಿನವರ ದೇಹದ ಬಗ್ಗೆ ಇತ್ತೀಚೆಗೆ ಬರುತ್ತಿರುವ ಬರಹಗಳು ಎರಡೇ ವಿಷಯಗಳ ಸುತ್ತ ಸುತ್ತುತ್ತಿವೆ. ಒಂದು, ಡಿಎನ್‌ಎ ಆಧಾರದಲ್ಲಿ ಕೊಡವರ ಮೂಲ ಯಾವುದೆಂದು ಹುಡುಕುವುದು. ಇನ್ನೊಂದು, ಕಕ್ಕಡ ತಿಂಗಳ ಹದಿನೆಂಟನೇ ದಿನ ತಿನ್ನುವ ಮದ್ದುಸೊಪ್ಪನ್ನೂ ಅಡುಗೆಯ ಹುಳಿಯಾದ ಕಾಚಂಪುಳಿಯನ್ನೂ ಸಕಲ ರೋಗಕ್ಕೂ ಮದ್ದೆಂದು ಸಾರುವುದು. ಈ ಜಿಲ್ಲೆಯ ಜನ ಯಾವ ಕಾಯಿಲೆಯಿಂದ ಸತ್ತರು, ಯಾವುದರಿಂದ ಪಾರಾದರು, ಇಂದಿಗೂ ಯಾವುದರಿಂದ ನರಳುತ್ತಿದ್ದಾರೆ ಎಂಬ ವಿಚಾರಣೆಗೂ ಇಲ್ಲಿ ದೊಡ್ಡ ಇತಿಹಾಸವಿದೆ. ಅದನ್ನು ಕೇಳುವವರು ಕಡಿಮೆಯಾಗಿದ್ದಾರೆ. ಮನೆಮನೆ ಸುತ್ತುವ ಆರೋಗ್ಯ ಕೆಲಸದಲ್ಲೇ ವೃತ್ತಿಜೀವನ ಕಳೆದ ನಾನು ಅದನ್ನು ಒಂದೆಡೆ ಬರೆದಿಡುವುದು ಅಗತ್ಯ ಅನಿಸಿತು.

ಮೊದಲ ಘಟ್ಟವನ್ನು ಬೇಗ ಹೇಳಿಬಿಡಬಹುದು. 1834ರಲ್ಲಿ ಕೊಡಗು ಕಂಪನಿ ಸರ್ಕಾರದ ಕೈಸೇರಿತು. ಮಡಿಕೇರಿಯಲ್ಲಿ ಶಿಕ್ಷಕರಾಗಿದ್ದ ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೈಪಿಡಿ ನಾಡಿನ ಹವೆ, ಜನ, ಪದ್ಧತಿಗಳನ್ನು ದಾಖಲಿಸಿತು. 1901ರಲ್ಲಿ ಭೂವಿಜ್ಞಾನಿ ಟಿ.ಎಚ್. ಹಾಲೆಂಡ್ ಕೊಡವರನ್ನೂ ಯರವರನ್ನೂ ಅಳತೆ ಮಾಡಿ, ಎರಡು ಜನಾಂಗಗಳ ವ್ಯತ್ಯಾಸ ಕುರಿತು ಪ್ರಬಂಧ ಬರೆದರು. ತಲೆಯ ಉದ್ದಗಲದಿಂದ ಜನರ ಮೂಲ ತೀರ್ಮಾನಿಸುವ ಆ ಶಾಸ್ತ್ರವನ್ನು ವಿಜ್ಞಾನ ಎಂದೋ ಕೈಬಿಟ್ಟಿದೆ. ಅದರ ಪ್ರಶ್ನೆ ಮಾತ್ರ ಹೊಸ ಪ್ರಯೋಗಾಲಯದ ಭಾಷೆಯಲ್ಲಿ ಮರಳಿ ಬಂದಿದೆ. ಎಂ.ಎನ್. ಶ್ರೀನಿವಾಸರ 1952ರ ಕೊಡವರ ಧರ್ಮ-ಸಮಾಜದ ಅಧ್ಯಯನ ಬೇರೆಯೇ ದರ್ಜೆಯದು. ಹುಟ್ಟು, ಮದುವೆ, ಸಾವುಗಳಲ್ಲಿ ಮೈಯನ್ನು ಹೇಗೆ ಮಡಿಯಾಗಿ, ಮೈಲಿಗೆಯಾಗಿ ನೋಡುತ್ತಾರೆ ಎಂಬುದು ಅದರಲ್ಲಿ ಸವಿಸ್ತಾರವಾಗಿದೆ. ಇಲ್ಲಿಗೆ ಬರುವ ಪ್ರತಿಯೊಬ್ಬ ವೈದ್ಯರೂ ಓದಬೇಕಾದ ಪುಸ್ತಕ ಅದು.

ಕೊಡಗಿನ ಆರೋಗ್ಯ ವಿಜ್ಞಾನದ ನಿಜವಾದ ಬುನಾದಿ ಚಳಿಜ್ವರ. ಜನಗಣತಿಯನ್ನೇ ನೋಡಿ. 1901ರಲ್ಲಿ ಕೊಡಗಿನ ಜನಸಂಖ್ಯೆ 1,80,607; 1931ರಲ್ಲಿ 1,63,327. ದೇಶದ ಜನಸಂಖ್ಯೆ ಏರುತ್ತಿದ್ದ ಕಾಲದಲ್ಲಿ ಕಾಫಿ, ಏಲಕ್ಕಿ, ಭತ್ತ ಬೆಳೆಯುವ ಈ ಸಮೃದ್ಧ ನಾಡಿನಲ್ಲಿ ಅದು ಕುಸಿದಿತ್ತು. 1918ರ ಇನ್‌ಫ್ಲೂಯೆಂಜಾ ಇತ್ತು, ತೋಟದ ಆಳುಗಳು ಬಂದುಹೋಗುವುದೂ ಇತ್ತು. ಆದರೂ ವರ್ಷವರ್ಷವೂ ಬಿಡದೆ ಜನರನ್ನು ಹಣಿದದ್ದು ಮಲೇರಿಯ.

ಬೆಟ್ಟದ ಸೀಮೆಯ ಮಲೇರಿಯ ಬಯಲಿನದಕ್ಕಿಂತ ಭಿನ್ನ. ಇದನ್ನು ಹರಡುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆ ಕೊಳಚೆಯಲ್ಲಿ ಮೊಟ್ಟೆಯಿಡುವುದಿಲ್ಲ. ಹುಲ್ಲು ಬಾಗಿದ ತೋಡಿನ ಅಂಚು, ಗದ್ದೆಗೆ ನೀರು ಹಾಯಿಸುವ ಕಾಲುವೆ, ನಿಧಾನವಾಗಿ ಹರಿಯುವ ತಿಳಿನೀರು ಅದಕ್ಕೆ ಬೇಕು. ಊರು ಶುಚಿಯಾಗಿದ್ದರೂ ಜ್ವರ ತಪ್ಪದಿದ್ದದ್ದು ಈ ಕಾರಣಕ್ಕೆ. ಮಳೆಗಾಲದ ರಭಸಕ್ಕೆ ಮರಿಗಳು ಕೊಚ್ಚಿಹೋಗುತ್ತವೆ. ಮಳೆಗೆ ಮುಂಚಿನ ತಿಂಗಳುಗಳಲ್ಲಿ ತೋಡು ಸಣ್ಣಗಾದಾಗ ಸೊಳ್ಳೆ ಹೆಚ್ಚುತ್ತದೆ. ಒಂದು ಊರಿನಲ್ಲಿ ಜ್ವರ ಎಷ್ಟಿದೆ ಎಂದು ತಿಳಿಯಲು ಆಗಿನ ಸಮೀಕ್ಷಕರಿಗೆ ಕೈಬೆರಳೇ ಸಾಕಾಗಿತ್ತು. ಮಗುವನ್ನು ಅಂಗಾತ ಮಲಗಿಸಿ, ಮಂಡಿ ಮಡಿಸಿ, ಎಡ ಪಕ್ಕೆಲುಬಿನ ಕೆಳಗೆ ಮೆಲ್ಲನೆ ಒತ್ತಿ ಉಸಿರೆಳೆಯಲು ಹೇಳುತ್ತಿದ್ದರು. ಊದಿದ ಗುಲ್ಮ ಬೆರಳಿಗೆ ತಾಕಿದರೆ ಅದೇ ಜ್ವರಗಡ್ಡೆ. ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಗಡ್ಡೆ ತಾಕಿತು ಎಂಬುದೇ ಆ ಊರಿನ ಮಲೇರಿಯದ ಅಳತೆ.

ಪರಿಹಾರದ ದಾರಿ ಕನ್ನಡ ನಾಡಿನಲ್ಲೇ ತೆರೆಯಿತು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ 1940ರ ದಶಕದ ಮಧ್ಯದಲ್ಲಿ ಹಳ್ಳಿಮನೆಗಳ ಗೋಡೆಗೆ ಡಿಡಿಟಿ ಸಿಂಪಡಿಸಿ, ಗ್ರಾಮಾಂತರದ ಮಲೇರಿಯವನ್ನೂ ಹತೋಟಿಗೆ ತರಬಹುದೆಂದು ತೋರಿಸಿಕೊಟ್ಟರು. 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಬಂದವು. ಕೊಡಗಿನ ಜನಸಂಖ್ಯೆ 1951ರಲ್ಲಿ 2,29,405ಕ್ಕೂ 1961ರಲ್ಲಿ 3,22,829ಕ್ಕೂ ಏರಿತು. ಹೊರಗಿನಿಂದ ಬಂದು ನೆಲೆಸಿದವರ ಪಾಲು ಇದರಲ್ಲಿ ದೊಡ್ಡದು. ಜ್ವರ ಇಳಿಯದಿದ್ದರೆ ಅವರು ಇಲ್ಲಿ ನೆಲೆಯೂರುವುದೇ ಕಷ್ಟವಿತ್ತು. ಇಂದಿನ ಕೊಡಗಿನ ತೋಟ, ಪೇಟೆ, ಶಾಲೆಗಳ ಹಿಂದೆ ಗೋಡೆಗೆ ಮದ್ದು ಹೊಡೆದ ಹೆಸರಿಲ್ಲದ ಕೆಲಸಗಾರರ ಶ್ರಮವಿದೆ.

ನಮ್ಮ ತಲೆಮಾರು ಕೆಲಸಕ್ಕೆ ಸೇರುವ ಹೊತ್ತಿಗೆ ಗೆಲುವಿನ ಹುಮ್ಮಸ್ಸು ತಣ್ಣಗಾಗಿತ್ತು. 1960ರ ದಶಕದ ಆರಂಭದಲ್ಲಿ ದೇಶದಲ್ಲಿ ಒಂದು ಲಕ್ಷಕ್ಕೂ ಕೆಳಗಿಳಿದಿದ್ದ ಮಲೇರಿಯ ಪ್ರಕರಣಗಳು 1976ರಲ್ಲಿ 64 ಲಕ್ಷ ದಾಟಿದವು. ಆ ಹಿನ್ನಡೆಯಿಂದ ಕಲಿತದ್ದೇ ನಮ್ಮ ಶಾಲೆ: ಮದ್ದು ಸಿಂಪಡಿಸಿ ಹೊರಟುಹೋದರೆ ಸಾಲದು, ಮನೆಗೆ ಮತ್ತೆ ಮತ್ತೆ ಹೋಗಬೇಕು. ಹದಿನೈದು ದಿನಕ್ಕೊಮ್ಮೆ ಮನೆ ಭೇಟಿ. ಜ್ವರ ಎಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತಲೇಪನ. ದೊಡ್ಡವರಿಗೆ ನಾಲ್ಕು ಕ್ಲೋರೋಕ್ವಿನ್ ಮಾತ್ರೆ, ಅದೂ ಊಟವಾದ ಮೇಲೆ, ಎದುರಿಗೇ ನುಂಗಿಸಿ. ಹೊರಡುವಾಗ ಗೋಡೆಯ ಮೇಲೆ ತಾರೀಕು. ತೋಟದ ಆಳುಗಳ ಲೈನ್‌ಮನೆಗಳಲ್ಲಿ ಹಗಲು ಯಾರೂ ಸಿಗುತ್ತಿರಲಿಲ್ಲ. ಬೆಳಿಗ್ಗೆ ರೈಟರ್, ಅಂದರೆ ತೋಟದ ಗುಮಾಸ್ತ, ಹಾಜರಿ ಕರೆಯುವ ಹೊತ್ತಿಗೇ ತೋಟಕ್ಕೆ ಹೋದರೆ ಮಾತ್ರ ಜ್ವರದವರು ಕಾಣುತ್ತಿದ್ದರು. ರೋಗ ಎಲ್ಲಿದೆಯೋ ಅಲ್ಲಿನ ದಿನಚರಿಯನ್ನು ಅರಿತು ಅದಕ್ಕೆ ಹೊಂದಿಕೊಳ್ಳುವುದು ಆ ಕಾಲದ ದೊಡ್ಡ ಪಾಠ. 1978ರ ಅಲ್ಮಾ ಆಟಾ ಘೋಷಣೆ ಜಗತ್ತಿಗೆ ಹೇಳಿದ ಪ್ರಾಥಮಿಕ ಆರೋಗ್ಯದ ತತ್ವವನ್ನು ನಮ್ಮ ಕಿರಿಯ ಆರೋಗ್ಯ ಸಹಾಯಕರು, ದಾದಿಯರು ಕಾಲ್ನಡಿಗೆಯಲ್ಲೇ ಆಚರಿಸುತ್ತಿದ್ದರು. ಈ ಶಾಲೆಗೆ ಸಮನಾದದ್ದು ಆಮೇಲೆ ಬಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಲೇರಿಯ ತನ್ನ ಗುರುತನ್ನು ರಕ್ತದಲ್ಲೇ ಬಿಟ್ಟುಹೋಗಿದೆ. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ನೀಲಗಿರಿಯ ಬುಡಕಟ್ಟುಗಳಲ್ಲಿ ಸಿಕಲ್‌ಸೆಲ್ ಗುಣವನ್ನು ಗುರುತಿಸಿದರು. ಆ ಗುಣ ಮಾರಕ ಮಲೇರಿಯದಿಂದ ರಕ್ಷಣೆ ಕೊಡುತ್ತದೆಂದು 1954ರಲ್ಲಿ ಆಲಿಸನ್ ತೋರಿಸಿದರು. ತಂದೆತಾಯಿಯರಲ್ಲಿ ಒಬ್ಬರಿಂದ ಬಂದರೆ ಕಾವಲು. ಇಬ್ಬರಿಂದಲೂ ಬಂದರೆ ಕಾಯಿಲೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆ, ಕೀಲು, ಎದೆಯಲ್ಲಿ ತಡೆಯಲಾರದ ನೋವು. ಚಳಿ, ನೀರಡಿಕೆ, ಮೈಮುರಿಯುವ ದುಡಿಮೆ ಈ ನೋವನ್ನು ಕೆರಳಿಸುತ್ತವೆ. ಕೊಡಗಿನ ಮಳೆಗಾಲದಲ್ಲಿ ತೋಟದ ಕೆಲಸವೆಂದರೆ ಇದೇ ತಾನೆ? ವಯನಾಡು, ಗೂಡಲೂರು, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಈ ಕಾಯಿಲೆಯ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ಸೋಲಿಗರ ನಡುವೆ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ನಮ್ಮ ರಾಜ್ಯದ ಮಾದರಿ. ಕೊಡಗಿನ ಯರವರು ವಯನಾಡಿನ ಅಡಿಯರೊಡನೆ ಒಂದೇ ನುಡಿ ಹಂಚಿಕೊಂಡವರು. ಕುರುಬರೂ ಅದೇ ಕಾಡಂಚಿನವರು. ಹೀಗಾಗಿ ಇವರ ಕೀಲುನೋವನ್ನು ವಾತವೆಂದು ಬಗೆದು ಇಂಜೆಕ್ಷನ್ ಕೊಟ್ಟು ಕಳಿಸುವುದು ನಿಲ್ಲಬೇಕು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನ ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು. ಒಳ್ಳೆಯದು. ಆದರೆ ತಪಾಸಣೆಯ ಫಲಿತಾಂಶದ ಕಾರ್ಡು ಕೊಟ್ಟ ಮೇಲೆ, ಈ ಕಾಯಿಲೆಯವರಿಗೆ ಬೇಕಾದ ಹೈಡ್ರಾಕ್ಸಿಯೂರಿಯಾ ಮಾತ್ರೆಯನ್ನು ತಿಂಗಳು ತಿಂಗಳೂ ಬುಡಕಟ್ಟಿನವರ ಹಾಡಿಗೆ ಮುಟ್ಟಿಸುವವರು ಯಾರು? ನಮ್ಮ ಹಳೆಯ ಮನೆಭೇಟಿಯ ಪದ್ಧತಿ ಮತ್ತೆ ಬೇಕಾಗಿರುವುದು ಇಲ್ಲಿ.

ಇನ್ನು ಆರಂಭದಲ್ಲಿ ಹೇಳಿದ ಕಾಚಂಪುಳಿಯ ವಿಷಯ. ಕಾಚಂಪುಳಿಯ ಹಣ್ಣಿನಲ್ಲಿರುವ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಎಂದು 1965ರಲ್ಲಿ ಲೂಯಿಸ್ ಮತ್ತು ನೀಲಕಂಠನ್ ಗುರುತಿಸಿದರು. ಗಟ್ಟಿಯಾದ ರಸಾಯನ ವಿಜ್ಞಾನ. ಅದೇ ಆಮ್ಲವನ್ನು ಬೊಜ್ಜು ಕರಗಿಸುವ ಮಾತ್ರೆಯಾಗಿ ಜಗತ್ತೆಲ್ಲ ಮಾರಿದರು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಅದಕ್ಕೂ ಹುಸಿಮಾತ್ರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪಂದಿಕರಿಗೆ ಕಾಚಂಪುಳಿ ಬೇಕೇ ಬೇಕು. ಅದಕ್ಕೆ ಔಷಧದ ಪಟ್ಟ ಬೇಕಿಲ್ಲ.

ಅಧ್ಯಯನದಲ್ಲಿ ಉಳಿದಿರುವ ಕೊರತೆಗಳು ದೊಡ್ಡವು. ನೆರಳುಮರದ ಕೊಂಬೆ ಕಡಿಯುವ ಮರಕಪಾತಿನಲ್ಲಿ, ಮೆಣಸು ಕುಯ್ಯುವಾಗ ಬಿದ್ದು ಬೆನ್ನು ಮುರಿದುಕೊಂಡವರು; ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಸತ್ತವರು; ಕಳೆನಾಶಕ, ಕೀಟನಾಶಕ ಸಿಂಪಡಿಸುವವರ ಚರ್ಮ ಮತ್ತು ಶ್ವಾಸಕೋಶ; ಹೊತ್ತು ಬಾಗಿ ದುಡಿಯುವ ಹೆಂಗಸರ ರಕ್ತಹೀನತೆ; ಕೂಲಿಯ ದಿನದ ಕುಡಿತ; ಅಸ್ಸಾಂ, ಬಂಗಾಳದಿಂದ ಬಂದ ಹೊಸ ಕಾರ್ಮಿಕರ ಜ್ವರ. ಕಾಫಿ ಗಿಡಕ್ಕೆ ಚೆಟ್ಟಳ್ಳಿಯಲ್ಲಿ 1946ರಿಂದ ಸಂಶೋಧನಾ ಉಪಕೇಂದ್ರವಿದೆ. ಬಿಳಿ ಕಾಂಡಕೊರಕ ಯಾವ ತಿಂಗಳು ಹಾರುತ್ತದೆಂದು ಬೆಳೆಗಾರರಿಗೆಲ್ಲ ಗೊತ್ತು. ಕಾಫಿ ಕುಯ್ಯುವವರ ದೇಹಕ್ಕೂ ಅಷ್ಟೇ ಶ್ರದ್ಧೆಯ ಅಧ್ಯಯನ ಸಲ್ಲಬೇಕು. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ. ಅಲ್ಲಿನ ಸಮುದಾಯ ವೈದ್ಯಶಾಸ್ತ್ರ ವಿಭಾಗ ಕೆಲವು ತೋಟಗಳ ಲೈನ್‌ಮನೆಗಳನ್ನೂ ಕೆಲವು ಹಾಡಿಗಳನ್ನೂ ಆರಿಸಿಕೊಂಡು, ಅದೇ ಮನೆಗಳಿಗೆ ಇಪ್ಪತ್ತು ವರ್ಷ ಬಿಡದೆ ಹೋಗಿ ಪ್ರತಿಯೊಬ್ಬರ ಆರೋಗ್ಯ ದಾಖಲಿಸಲಿ. ಬೆಳೆಗಾರರು ಹಾಜರಿ ಪುಸ್ತಕ ತೆರೆದಿಡಲಿ, ಇಲಾಖೆ ಔಷಧ ಒದಗಿಸಲಿ. ಮೂಲ ಹುಡುಕುವ ಕೆಲಸಕ್ಕೆ ಹಣವೂ ಉತ್ಸಾಹವೂ ಸಿಗುವುದಾದರೆ, ಇದಕ್ಕೂ ಸಿಗಬೇಕು. ಕೊಡಗಿನಲ್ಲಿ ವಿಜ್ಞಾನ ಜನರನ್ನು ಉಳಿಸಿದ್ದು ಅವರ ಮನೆಬಾಗಿಲಿಗೆ ಹೋದಾಗಲೇ.