ಹಿಮ ಕರಗಿಸುವ ಉಪ್ಪು ಮತ್ತು ಸವಳು ನೆಲದ ಸಾಕ್ಷ್ಯ

ಸೊಲ್ಲಾಪುರ, ಅಕ್ಕಲಕೋಟಗಳಲ್ಲಿ ಹಿಮ ಬೀಳುವುದಿಲ್ಲ. ಅಂಗಳದ ಮಂಜುಗಡ್ಡೆ ಕರಗಲೆಂದು ಉಪ್ಪು ಎರಚುವ ಪ್ರಸಂಗವೇ ಇಲ್ಲಿ ಬರುವುದಿಲ್ಲ. ಹಾಗಿದ್ದರೂ ಶೀತದೇಶಗಳ ಈ ಸಮಸ್ಯೆಯನ್ನು ಅಳೆಯಲು ಬೇಕಾದ ಎರಡು ಅನುಭವ ಈ ಸೀಮೆಗಿವೆ. ಉಪ್ಪು ನೆಲಕ್ಕೆ ಇಳಿದ ಮೇಲೆ ಏನಾಗುತ್ತದೆಂಬುದು ಇಲ್ಲಿಯ ರೈತರಿಗೆ ಗೊತ್ತು. ಉಪ್ಪಿನ ಜೊತೆಗೆ ಅಲ್ಲಿ ಬಳಕೆಗೆ ಬಂದಿರುವ ಸಕ್ಕರೆ ಉದ್ಯಮದ ಉಳಿಕೆಯ ಗುಣದೋಷಗಳೂ ಗೊತ್ತು.

ಉಪ್ಪು ನೀರಿನ ಹೆಪ್ಪುಗಟ್ಟುವ ಉಷ್ಣಾಂಶವನ್ನು ಇಳಿಸುತ್ತದೆ. ಶೇ. 23ರಷ್ಟು ಉಪ್ಪಿರುವ ದ್ರಾವಣ ಮೈನಸ್ 21 ಡಿಗ್ರಿಯವರೆಗೂ ಗಟ್ಟಿಯಾಗದು. ಆದರೆ ರಸ್ತೆಯ ಮೇಲೆ ಮೈನಸ್ 10ರ ಆಸುಪಾಸಿನಲ್ಲೇ ಅದರ ಕಸುವು ಕುಂದುತ್ತದೆ. ಕರಗಿದ ನೀರಿನೊಡನೆ ಹರಿದ ಕ್ಲೋರೈಡನ್ನು ಮಣ್ಣಾಗಲಿ ಸೂಕ್ಷ್ಮಜೀವಿಗಳಾಗಲಿ ಕೊಳೆಸಲಾರವು. ಸಿಹಿನೀರಿನ ಜೀವಿಗಳಿಗೆ ದೀರ್ಘಕಾಲ ಸಹ್ಯವಾದ ಕ್ಲೋರೈಡ್ ಮಿತಿಯನ್ನು ಅಮೆರಿಕದ ಪರಿಸರ ಸಂಸ್ಥೆ 1988ರಲ್ಲಿ ಲೀಟರಿಗೆ 230 ಮಿಲಿಗ್ರಾಂ ಎಂದು ಗೊತ್ತುಮಾಡಿತು. ಒಂದು ಟೀ ಚಮಚ ಉಪ್ಪು ಬಕೆಟ್ ತುಂಬ ನೀರನ್ನು ಈ ಮಿತಿಗೆ ತಂದು ನಿಲ್ಲಿಸಲು ಸಾಕು. ರಸ್ತೆಯ ಉಪ್ಪಿಗಾಗಿಯೇ ಕೆನಡಾ 2004ರಲ್ಲಿ ಬಳಕೆ ಸಂಹಿತೆಯೊಂದನ್ನು ಹೊರಡಿಸಿತು.

ಮಣ್ಣಿನೊಳಗಿನ ಕಥೆ ಇನ್ನೂ ಸೂಕ್ಷ್ಮ. ಇಲ್ಲಿಯ ಭೀಮಾ ನದಿಗೆ ಉಜನಿ ಅಣೆಕಟ್ಟು ಬಂದ ಮೇಲೆ ಕಾಲುವೆ ನೀರಿನಲ್ಲಿ ಕಬ್ಬು ಹಬ್ಬಿತು. ಬಸಿಗಾಲುವೆ ಇಲ್ಲದ ಎರೆಭೂಮಿಗೆ ವರ್ಷವಿಡೀ ನೀರು ಕಟ್ಟಿದರೆ ಅಂತರ್ಜಲ ಮೇಲೇರುತ್ತದೆ, ಬಿಸಿಲಿಗೆ ನೀರು ಆರಿ ಲವಣ ಮೇಲೆ ಉಳಿಯುತ್ತದೆ. ಉತ್ತರ ಕರ್ನಾಟಕದಲ್ಲಿ ಜನ ಸವಳು-ಜವಳು ಎನ್ನುವುದು ಇದನ್ನೇ. ಅಂಥ ಹೊಲದಲ್ಲಿ ಬೋದಿನ ನೆತ್ತಿಗೆ ಬಿಳಿ ಹಪ್ಪಳ ಕಟ್ಟಿರುತ್ತದೆ. ಸಾಲಿನಲ್ಲಿ ನಿಂತ ನೀರು ದಿನಗಟ್ಟಲೆ ಇಂಗದು. ಒಣಗಿದ ಮೇಲೆ ನೆಲ ಕುಂಟೆಗೂ ಬಗ್ಗದು. ಉಪ್ಪು ಹೆಚ್ಚಿರುವವರೆಗೆ ಜೇಡಿಕಣಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಕೆಡುಕು ಕಾಣುವುದು ಮಳೆ ಬಂದಾಗ: ಲವಣ ತೊಳೆದುಹೋಗುತ್ತದೆ, ಕ್ಯಾಲ್ಸಿಯಂನ ಜಾಗ ಹಿಡಿದ ಸೋಡಿಯಂ ಮಾತ್ರ ಕಣಗಳಿಗೆ ಅಂಟಿ ಉಳಿಯುತ್ತದೆ, ಕಣಗಳು ಚದುರಿ ರಂಧ್ರಗಳು ಮುಚ್ಚುತ್ತವೆ. ಹಿಮದೇಶದ ಮನೆಯಂಗಳದ ಅಂಚಿನ ಜೇಡಿಮಣ್ಣಿನಲ್ಲೂ ಇದೇ ವಿನಿಮಯ ನಡೆಯುತ್ತದೆ. ಅಲ್ಲಿ ಮಳೆಯ ಕೆಲಸವನ್ನು ವಸಂತದ ಹಿಮನೀರೂ ಮಾಡುತ್ತದೆ. ಚಳಿಗಾಲದಲ್ಲಿ ಉಪ್ಪೆರಚಿದವರಿಗೆ ಹಾನಿ ತಡವಾಗಿ ಕಾಣುವುದು ಇದರಿಂದಲೇ.

ಸೋಡಿಯಂ ಹೆಚ್ಚಿದ ಹೊಲಕ್ಕೆ ಜಿಪ್ಸಂ ಹಾಕುವುದು ಕ್ಯಾಲ್ಸಿಯಂ ಮರಳಿಸಲೆಂದು. ಈ ತರ್ಕದಲ್ಲಿ ನೋಡಿದರೆ ಕ್ಯಾಲ್ಸಿಯಂ ಕ್ಲೋರೈಡ್ ಮಣ್ಣಿನ ರಚನೆಗೆ ಅಷ್ಟು ಕೇಡಲ್ಲ, ಉಪ್ಪಿಗಿಂತ ತೀವ್ರ ಚಳಿಯಲ್ಲೂ ಕೆಲಸ ಮಾಡುತ್ತದೆ. ಆದರೆ ಕ್ಲೋರೈಡಿನ ಹೊರೆ ತಪ್ಪದು. ಕ್ಯಾಲ್ಸಿಯಂ ಮೆಗ್ನೀಸಿಯಂ ಅಸಿಟೇಟಿನಲ್ಲಿ ಕ್ಲೋರೈಡ್ ಇಲ್ಲ, ಕಬ್ಬಿಣಕ್ಕೆ ತುಕ್ಕಿನ ಕಾಟವೂ ಕಡಿಮೆ. ಬೆಲೆ ಮಾತ್ರ ಹಲವು ಪಟ್ಟು, ಸುಮಾರು ಮೈನಸ್ 6 ಡಿಗ್ರಿಯಾಚೆ ಅದರ ಆಟ ನಡೆಯದು. ಯೂರಿಯಾ ಇನ್ನೂ ದುರ್ಬಲ. ಅದರ ಸಾರಜನಕ ಹಳ್ಳಕೆರೆ ಸೇರಿ ಪಾಚಿ ಬೆಳೆಸುತ್ತದೆ. ತೋಟಕ್ಕೆ ಗೊಬ್ಬರವಾಗುತ್ತದೆಂಬ ನೆವದಲ್ಲಿ ಅದನ್ನು ದಾರಿಗೆ ಸುರಿಯುವುದು ಸಮರ್ಥನೀಯವಲ್ಲ, ಹೆಪ್ಪುಗಟ್ಟಿದ ನೆಲದಲ್ಲಿ ಹೀರಿಕೊಳ್ಳುವ ಬೇರಿಲ್ಲ.

ಸಕ್ಕರೆ ಉದ್ಯಮದ ಉಳಿಕೆಯಾದ ಕಾಕಂಬಿಯ ವಿಷಯಕ್ಕೆ ಬಂದರೆ ಸೊಲ್ಲಾಪುರದ ಅನುಭವ ನೇರವಾಗಿ ನೆರವಿಗೆ ಬರುತ್ತದೆ. ಟೊರಾಂಟೊದಂಥ ನಗರಗಳು ಬೀಟ್ ಸಕ್ಕರೆಯ ಉಳಿಕೆಯನ್ನು ಉಪ್ಪುನೀರಿಗೆ ಬೆರೆಸಿ ಸಿಂಪಡಿಸುತ್ತವೆ. ಸಕ್ಕರೆಯಂಶ ಉಪ್ಪನ್ನು ರಸ್ತೆಗೆ ಅಂಟಿಸಿಡುತ್ತದೆ, ಉಪ್ಪು ಪುಟಿದು ಬದಿಗೆ ಹೋಗದು, ಹಾಗಾಗಿ ಕಡಿಮೆ ಸಾಕು. ಇದು ಉಪ್ಪಿನ ಬದಲಿಯಲ್ಲ, ಉಪ್ಪಿನ ಜೊತೆಗಾರ.

ಒಂದು ಟನ್ ಕಬ್ಬಿನಿಂದ ಸುಮಾರು 40-45 ಕಿಲೋ ಕಾಕಂಬಿ ಬರುತ್ತದೆ. ಮಹಾರಾಷ್ಟ್ರದಲ್ಲಿ ಸಕ್ಕರೆ ಕಾರ್ಖಾನೆಗಳು ದಟ್ಟವಾಗಿರುವ ಜಿಲ್ಲೆಗಳಲ್ಲಿ ಸೊಲ್ಲಾಪುರವೂ ಒಂದು. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಕಡುಗಂದು ಸ್ಪೆಂಟ್‌ವಾಶ್ ಹಳ್ಳಕ್ಕೆ ಸೇರಿದರೆ ಸಾವಯವ ಪದಾರ್ಥ ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತವೆ. ಬೀಟ್ ರಸವೂ ಈ ನಿಯಮಕ್ಕೆ ಹೊರತಲ್ಲ, ಪ್ರಮಾಣವಷ್ಟೇ ಬೇರೆ. ಇಲ್ಲಿಯ ಕಾಕಂಬಿ ಹಿಮದೇಶಗಳಿಗೆ ಹೋಗಲಿ ಎನ್ನುವುದೂ ಸುಲಭವಾಗಿರಲಿಲ್ಲ: ಎಥನಾಲ್‌ಗೆ ಬೇಕೆಂದು ಭಾರತ ಸರಕಾರ 2024ರ ಜನವರಿಯಲ್ಲಿ ಅದರ ರಫ್ತಿಗೆ ಶೇ. 50 ಸುಂಕ ಹಾಕಿತ್ತು.

ಹಾಗಾದರೆ ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದು ಮನೆ ಮುಂದಿನ ದಾರಿಗೆ ಏನು ಹಾಕಬೇಕು? ಪ್ರಸ್ತುತ ಲೇಖನದ ನಿಲುವು ಸ್ಪಷ್ಟ: ಮೊದಲ ಪರ್ಯಾಯ ಸಲಿಕೆ. ಹಿಮ ತುಳಿದು ಗಟ್ಟಿಯಾಗುವ ಮುನ್ನ ಎತ್ತಿಹಾಕಿದರೆ ಕರಗಿಸುವ ಪ್ರಶ್ನೆಯೇ ಬಹುಪಾಲು ತೀರುತ್ತದೆ. ಉಳಿದ ತೆಳುಪದರಕ್ಕೆ ಒರಟು ಮರಳು. ಅದು ಕರಗಿಸದು, ಕಾಲಿಗೆ ಹಿಡಿತ ಕೊಡುತ್ತದೆ. ಕಟ್ಟಿಗೆ ಬೂದಿ ಬಿಸಿಲು ಹೀರುವುದರಿಂದ ಹಗಲಲ್ಲಿ ಸ್ವಲ್ಪ ಕರಗಿಸಲೂಬಹುದು, ಆದರೆ ಒದ್ದೆಯಾದಾಗ ಮನೆಯೊಳಗೆಲ್ಲ ಮೆತ್ತಿಕೊಳ್ಳುತ್ತದೆ. ಮೆಟ್ಟಿಲಿನಂಥ ಅಪಾಯದ ಜಾಗಕ್ಕೆ ಮಾತ್ರ ಉಪ್ಪು. ಸುಮಾರು 6 ಮೀಟರ್ ಉದ್ದದ ಕಾರುದಾರಿಗೆ ದೊಡ್ಡ ಕಾಫಿ ಲೋಟದಷ್ಟು ಸಾಕೆಂಬುದು ಮಿನ್ನೆಸೋಟದ ಮಾಲಿನ್ಯ ನಿಯಂತ್ರಣ ಸಂಸ್ಥೆಯ ಸಲಹೆ. ಮಂಜುಗಡ್ಡೆ ಕರಗಿದ ಮೇಲೂ ಕಾಣುವ ಹರಳುಗಳನ್ನು ಗುಡಿಸಿಟ್ಟು ಮತ್ತೆ ಬಳಸಬಹುದು. ಮರಳನ್ನೂ ವಸಂತದ ಮಳೆ ಚರಂಡಿಗೆ ತಳ್ಳುವ ಮೊದಲೇ ಗುಡಿಸಿ ತೆಗೆಯಬೇಕು.