ಜಿಮಖಾನಾ: ಒಂದು ಬೆರಕೆ ಪದದ ಚರಿತ್ರೆ

ಧಾರವಾಡ, ಹುಬ್ಬಳ್ಳಿ ಕಡೆಯ ಕಾಲೇಜುಗಳಲ್ಲಿ ಆಟೋಟದ ವಿಭಾಗವನ್ನು ‘ಜಿಮಖಾನಾ’ ಎಂದು ಕರೆಯುವುದುಂಟು. ಉರ್ದು ಬಲ್ಲ ನಮಗೆ ಈ ಪದ ಕೇಳಿದಾಗ ಕೊಂಚ ನಗು ಬರುತ್ತದೆ. ‘ಖಾನಾ’ ಎಂದರೆ ಊಟವೂ ಹೌದಲ್ಲವೇ? ಆದರೆ ಇಲ್ಲಿರುವುದು ಮನೆ ಎಂಬರ್ಥದ ಫಾರಸಿ ಖಾನಾ. ಕಾರ್ಖಾನೆ, ದವಾಖಾನೆ, ಬಂದೀಖಾನೆಗಳ ಮೂಲಕ ಕನ್ನಡಿಗರಿಗೆಲ್ಲ ಪರಿಚಿತವಾದದ್ದೇ.

ಹಾಗಾದರೆ ‘ಜಿಮ್’ ಎಲ್ಲಿಂದ ಬಂತು? ಹೆನ್ರಿ ಯೂಲ್ ಹಾಗೂ ಮಂಗಳೂರಿನಲ್ಲೂ ಸೇವೆ ಸಲ್ಲಿಸಿದ್ದ ಎ.ಸಿ. ಬರ್ನೆಲ್ ರಚಿಸಿದ ‘ಹಾಬ್ಸನ್-ಜಾಬ್ಸನ್’ ನಿಘಂಟು 1886ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಇದು ಬುದ್ಧಿಪೂರ್ವಕವಾಗಿ ಕಟ್ಟಿದ ಪದ. ಅವರಿಗೆ ಸಿಕ್ಕ ಮೊದಲ ಬಳಕೆ 1861ರ ರೂರ್ಕಿಯದು. ಇಂಗ್ಲಿಷರ ರಾಕೆಟ್ ಆಟದ ಅಂಗಳಕ್ಕೆ ಹಿಂದೂಸ್ತಾನಿಯಲ್ಲಿ ‘ಗೇಂದ್‌ಖಾನಾ’, ಅಂದರೆ ಚೆಂಡಿನ ಮನೆ ಎನ್ನುತ್ತಿದ್ದರು. ಆ ಗೇಂದನ್ನು ಕಿತ್ತು ಜಿಮ್ನಾಸ್ಟಿಕ್ಸ್‌ನ ತಲೆಯನ್ನು ಅಂಟಿಸಿದ್ದೇ ಜಿಮಖಾನಾ ಆಗಿರಬೇಕೆಂದು ಅವರ ಊಹೆ. ಗ್ರೀಕಿನಲ್ಲಿ ‘ಜಿಮ್ನೋಸ್’ ಎಂದರೆ ಬೆತ್ತಲೆ. ಅಕ್ಷರಶಃ ಅರ್ಥ ಹೇಳಹೊರಟರೆ ಸಾಹೇಬರ ಗಂಭೀರ ಕ್ಲಬ್ಬು ‘ಬೆತ್ತಲೆ ಮನೆ’ಯಾಗುತ್ತದೆ!

ಈ ತಮಾಷೆಯ ಹಿಂದೆ ಒಂದು ನೋವೂ ಇದೆ. 1875ರಲ್ಲಿ ಸ್ಥಾಪನೆಯಾದ ಬಾಂಬೆ ಜಿಮಖಾನಾ ಯುರೋಪಿಯನ್ನರಿಗೆ ಮಾತ್ರ ಮೀಸಲಾಗಿತ್ತು. ಪದದ ಅರ್ಧ ಭಾಗವನ್ನು ಕೊಟ್ಟ ಜನರಿಗೇ ಅದರ ಬಾಗಿಲು ಮುಚ್ಚಿತ್ತು. ಮುಂದೆ ಪಾರ್ಸಿಗಳು, ಹಿಂದೂಗಳು, ಮುಸ್ಲಿಮರು ತಂತಮ್ಮ ಜಿಮಖಾನಾಗಳನ್ನು ಕಟ್ಟಿಕೊಂಡರು. ಮುಂಬಯಿಯ ಕ್ರಿಕೆಟ್ ಕೂಡ ಮತವಾರು ತಂಡಗಳ ಪಂದ್ಯಾವಳಿಯಾಯಿತು. 1940ರಲ್ಲಿ ಗಾಂಧೀಜಿ ಅದನ್ನು ವಿರೋಧಿಸಿದರು. 1946ರ ಹೊತ್ತಿಗೆ ಅದು ನಿಂತಿತು. ಭಾಷೆಗಳು ಬೆರೆತಷ್ಟು ಸಲೀಸಾಗಿ ಜನ ಬೆರೆಯಲಿಲ್ಲ.

ಬೆರಕೆಯ ಬಗ್ಗೆ ಅಳುಕು ಕನ್ನಡದಲ್ಲೂ ಹಳೆಯದು. 13ನೇ ಶತಮಾನದ ಕೇಶಿರಾಜ ಸಂಸ್ಕೃತ-ಕನ್ನಡ ಪದಗಳ ಜೋಡಣೆಯನ್ನು ಅರಿಸಮಾಸವೆಂದ. ಆದರೂ ಬಿರುದುಗಳಿಗೆ, ಹಿಂದಿನ ಕವಿಗಳ ಪ್ರಯೋಗಗಳಿಗೆ ವಿನಾಯಿತಿ ಕೊಟ್ಟ. ಬಳಕೆಯ ಮುಂದೆ ವ್ಯಾಕರಣ ಸೋಲಲೇಬೇಕಾಯಿತು.

ಈಗ ನಮ್ಮ ಕನಕಪುರ ತಾಲೂಕಿನ ಉಯ್ಯಂಬಳ್ಳಿಯ ಕಡೆ ನೋಡೋಣ. ಇಲ್ಲಿನ ರೈತ ರೇಷ್ಮೆಗೂಡು ಹೊತ್ತು ರಾಮನಗರದ ಮಾರುಕಟ್ಟೆಗೆ ಹೋದರೆ ಅಲ್ಲಿ ‘ಇ-ಹರಾಜು’ ನಡೆಯುತ್ತದೆ. ‘ಇ’ ಇಂಗ್ಲಿಷಿನದು, ‘ಹರಾಜು’ ಅರಬ್ಬಿಯಿಂದ ಬಂದದ್ದು. ಮಾರುವ ಗೌಡರಿಗೂ ಕೊಳ್ಳುವ ಸಾಬರಿಗೂ ಆ ಪದ ಯಾರದೆಂಬ ತಕರಾರಿಲ್ಲ. ತಕರಾರೇನಿದ್ದರೂ ಬೆಲೆಯ ಬಗ್ಗೆ ಮಾತ್ರ. ಅಂದಹಾಗೆ, ‘ತಕರಾರು’ ಕೂಡ ಅರಬ್ಬಿಯದೇ.