ಶಾಲಾ ತೆರಿಗೆ (ಅಮೆರಿಕ ಸಂಯುಕ್ತ ಸಂಸ್ಥಾನ)

ಒಂದು ಪ್ರದೇಶದ ಸಾರ್ವಜನಿಕ ಶಾಲೆಗಳ ವೆಚ್ಚಕ್ಕಾಗಿ ಅಲ್ಲಿನ ಮನೆ, ಜಮೀನುಗಳ ಬೆಲೆಯನ್ನು ಅನುಸರಿಸಿ, ಒಡೆಯರಿಗೆ ಮಕ್ಕಳಿರಲಿ ಇಲ್ಲದಿರಲಿ, ವಿಧಿಸುವ ಸ್ಥಳೀಯ ತೆರಿಗೆ. ಮ್ಯಾಸಚೂಸೆಟ್ಸ್ ಬೇ ವಸಾಹತಿನ 1647ರ ಕಾಯಿದೆ, 50 ಕುಟುಂಬಗಳಿರುವ ಪ್ರತಿ ಊರೂ ಓದುಬರಹ ಕಲಿಸುವ ಉಪಾಧ್ಯಾಯನನ್ನು ನೇಮಿಸಬೇಕೆಂದು ಕಡ್ಡಾಯ ಮಾಡಿತಾದರೂ ಸಂಬಳವನ್ನು ಹೆತ್ತವರು ಕೊಡಬೇಕೋ ಊರವರೆಲ್ಲ ಕೊಡಬೇಕೋ ಎಂಬುದನ್ನು ಊರಿಗೇ ಬಿಟ್ಟಿತು. ಈ ಪ್ರಶ್ನೆ ಬಹುಕಾಲ ಇತ್ಯರ್ಥವಾಗಲಿಲ್ಲ. 19ನೆಯ ಶತಮಾನದಲ್ಲಿ ಹಲವು ರಾಜ್ಯಗಳು ಹಣ ಸಾಲದಾದಾಗ ಮಗು ಶಾಲೆಗೆ ಬಂದ ದಿನಗಳನ್ನು ಎಣಿಸಿ ಹೆತ್ತವರಿಂದ ಶುಲ್ಕ ವಸೂಲು ಮಾಡುತ್ತಿದ್ದವು. ‘ರೇಟ್ ಬಿಲ್’ ಎಂಬ ಈ ಪದ್ಧತಿಯಲ್ಲಿ ಹಾಜರಿ ಹೆಚ್ಚಿದಷ್ಟೂ ಬಾಕಿ ಬೆಳೆಯುತ್ತಿದ್ದುದರಿಂದ ಅದರ ಪೆಟ್ಟು ಬಿದ್ದುದು ಬಡವರ ಮಕ್ಕಳಿಗೆ. ನ್ಯೂಯಾರ್ಕ್ ಅದನ್ನು 1867ರಲ್ಲಿ ರದ್ದುಮಾಡಿತು. ಅದಕ್ಕೂ ಮೊದಲೇ, ಮ್ಯಾಸಚೂಸೆಟ್ಸ್ ಶಿಕ್ಷಣ ಮಂಡಳಿಯ ಕಾರ್ಯದರ್ಶಿ ಹೊರೇಸ್ ಮ್ಯಾನ್ ಅವರು ಸ್ವತ್ತೆಂಬುದು ಮುಂದಿನ ಪೀಳಿಗೆಯ ಶಿಕ್ಷಣಕ್ಕೆ ಬದ್ಧವಾದದ್ದೆಂದು 1846ರ ವರದಿಯಲ್ಲಿ ವಾದಿಸಿದ್ದರು. ಪ್ರೌಢಶಾಲೆಗೂ ತೆರಿಗೆ ಎತ್ತಬಹುದೆಂದು ಮಿಷಿಗನ್‌ನ ಸರ್ವೋಚ್ಚ ನ್ಯಾಯಾಲಯ 1874ರ ಕಾಲಮಜೂ ಪ್ರಕರಣದಲ್ಲಿ ತೀರ್ಪಿತ್ತಿತು.

ತೆರಿಗೆ ಹಾಕುವುದೂ ಬಿಡುವುದೂ ಸ್ಥಳೀಯರ ಇಚ್ಛೆಗೆ ಸೇರಿದ್ದೆಂಬ ವಾದದ ಅತ್ಯಂತ ಕ್ರೂರ ಪರಿಣಾಮ ವರ್ಜೀನಿಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಕಂಡಿತು. ಕರಿಯ ಮತ್ತು ಬಿಳಿಯ ಮಕ್ಕಳನ್ನು ಒಟ್ಟಿಗೆ ಓದಿಸಬೇಕೆಂದು ನ್ಯಾಯಾಲಯ ಆಜ್ಞೆ ಮಾಡಿದಾಗ, 1959ರಲ್ಲಿ ಕೌಂಟಿಯ ಆಡಳಿತ ಮಂಡಳಿ ಶಾಲಾ ತೆರಿಗೆಯನ್ನೇ ವಿಧಿಸದೆ ಸಾರ್ವಜನಿಕ ಶಾಲೆಗಳಿಗೆ ಬೀಗ ಹಾಕಿಸಿತು. ಬಿಳಿಯರ ಮಕ್ಕಳಿಗಾಗಿ ಖಾಸಗಿ ಶಾಲೆಗಳು ಶುರುವಾದವು. ಕರಿಯರ ಮಕ್ಕಳಲ್ಲಿ ಹೆಚ್ಚಿನವರು ನಾಲ್ಕು ವರ್ಷ ಓದನ್ನೇ ಕಳೆದುಕೊಂಡರು, ಕೆಲವರು ನೆಂಟರ ಮನೆ ಸೇರಿ ಬೇರೆಡೆ ಕಲಿತರು. ಅಗತ್ಯಬಿದ್ದರೆ ತೆರಿಗೆ ಹಾಕುವಂತೆ ಕೌಂಟಿಗೆ ಆಜ್ಞಾಪಿಸಬಹುದೆಂದು ದೇಶದ ಸರ್ವೋಚ್ಚ ನ್ಯಾಯಾಲಯ 1964ರಲ್ಲಿ ಹೇಳಿತು.

ಆದರೆ ತೆರಿಗೆ ತಪ್ಪದೆ ಕೊಡುವ ಊರಿನಲ್ಲೂ ಅನ್ಯಾಯ ಉಳಿಯಬಲ್ಲದು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಪ್ರದೇಶದ ಬಡ ಶಾಲಾ ಜಿಲ್ಲೆ ಎಜ್‌ವುಡ್, ಸಿರಿವಂತ ಅಲಮೊ ಹೈಟ್ಸ್‌ಗಿಂತ ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟಿಯೂ, ಸ್ವತ್ತಿನ ಬೆಲೆ ಕಡಿಮೆಯಿದ್ದುದರಿಂದ 1967–68ರಲ್ಲಿ ಎಲ್ಲ ಮೂಲಗಳೂ ಸೇರಿ ತಲಾ ವಿದ್ಯಾರ್ಥಿಗೆ 356 ಡಾಲರ್ ಪಡೆದರೆ, ಅಲಮೊ ಹೈಟ್ಸ್ 594 ಡಾಲರ್ ಪಡೆಯಿತು. ಇದು ಸಂವಿಧಾನದ ಉಲ್ಲಂಘನೆಯಲ್ಲವೆಂದು 1973ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ 5–4ರ ಬಹುಮತದಿಂದ ತೀರ್ಮಾನಿಸಿದ್ದು, ತೆರಿಗೆದಾರರ ಶ್ರಮಕ್ಕೆ ಸಲ್ಲಬೇಕಾದ ನ್ಯಾಯವನ್ನು ನಿರಾಕರಿಸಿದ ತೀರ್ಪೆಂದೇ ಹೇಳಬೇಕು. ಹೋರಾಟ ಅನಂತರ ರಾಜ್ಯಗಳ ನ್ಯಾಯಾಲಯಗಳಿಗೆ ಹೊರಳಿ, ಟೆಕ್ಸಸ್‌ನ ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ಎಜ್‌ವುಡ್ ಪರವಾಗಿ ತೀರ್ಪಿತ್ತ ಮೇಲೆ, 1993ರ ಕಾನೂನು ಶ್ರೀಮಂತ ಜಿಲ್ಲೆಗಳ ಸಂಪತ್ತಿನ ಒಂದು ಪಾಲು ಬಡ ಜಿಲ್ಲೆಗಳ ಶಾಲೆಗಳಿಗೆ ಸಲ್ಲುವ ಏರ್ಪಾಡು ಮಾಡಿತು.